ಸೀಲಿಂಗ್ ಫ್ಯಾನ್‌ನಿಂದ ಪೂರ್ತಿ ಗಾಳಿ, ಅರ್ಧ ಕರೆಂಟ್: ಮನೆಯಲ್ಲೇ ಮಾಡಿಕೊಳ್ಳಬಹುದಾದ ಕೆಲಸಗಳು

2024ರ ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನ ಬಿಸಿಲು 38.5 ಡಿಗ್ರಿ ಮುಟ್ಟಿತು. ಒಂದು ಕಾಲಕ್ಕೆ ಫ್ಯಾನೂ ಬೇಡ ಎನ್ನುತ್ತಿದ್ದ ಊರಲ್ಲಿ ಈಗ ಎಸಿ ಹಾಕಿಸೋಣವಾ ಎಂಬ ಮಾತು ಬೇಸಿಗೆ ಬಂದಾಗಲೆಲ್ಲ ಏಳುತ್ತದೆ. ಕಲಬುರಗಿ, ರಾಯಚೂರಿನವರಿಗೆ ಈ ಅಂಕಿ ಏನೂ ಅಲ್ಲ, ಅಲ್ಲಿ ಮೇ ತಿಂಗಳಲ್ಲಿ 40 ದಾಟುವುದು ಮಾಮೂಲು. ಮಂಗಳೂರು, ಕಾರವಾರದ ಕಡೆ ಡಿಗ್ರಿ ಕಡಿಮೆ ತೋರಿಸಿದರೂ ಬೆವರು ಆರುವುದೇ ಇಲ್ಲ. ನೀವು ಎಲ್ಲೇ ಇರಿ, ಎಸಿಗೆ ದುಡ್ಡು ಹಾಕುವ ಮುಂಚೆ ತಲೆ ಮೇಲೆ ತಿರುಗುತ್ತಿರುವ ಫ್ಯಾನನ್ನು ಒಮ್ಮೆ ಸರಿಯಾಗಿ ನೋಡಿ. ಧೂಳು ಹಿಡಿದ ರೆಕ್ಕೆ, ಸತ್ತುಹೋಗುತ್ತಿರುವ ಕಂಡೆನ್ಸರ್ (ಮೋಟಾರು ತಿರುಗಲು ನೆರವಾಗುವ ಚಿಕ್ಕ ಬಿಡಿಭಾಗ), ತಪ್ಪು ಜಾಗದಲ್ಲಿರುವ ಹುಕ್, ಹೀಗೆ ಸಣ್ಣಪುಟ್ಟ ಕಾರಣಕ್ಕೆ ಅದು ಕೊಡಬೇಕಾದಷ್ಟು ಗಾಳಿ ಕೊಡುತ್ತಿರುವುದಿಲ್ಲ. ಇವುಗಳಲ್ಲಿ ಹೆಚ್ಚಿನವನ್ನು ನೂರು ಇನ್ನೂರು ರೂಪಾಯಿ ಖರ್ಚಿನಲ್ಲಿ, ಒಂದು ಭಾನುವಾರ ಬೆಳಿಗ್ಗೆ ಸರಿ ಮಾಡಿಕೊಳ್ಳಬಹುದು.

ಒಂದು ವಿಷಯ ಗೊತ್ತಾದರೆ ಉಳಿದದ್ದೆಲ್ಲ ಸುಲಭ. ಫ್ಯಾನ್ ಕೋಣೆಯ ಉಷ್ಣಾಂಶ ಇಳಿಸುವುದಿಲ್ಲ. ಅದು ಮಾಡುವುದು ಇಷ್ಟೇ: ಮೈಗೆ ಅಂಟಿಕೊಂಡಿರುವ ಬೆಚ್ಚಗಿನ ಗಾಳಿಯನ್ನು ತಳ್ಳುತ್ತದೆ, ಬೆವರು ಬೇಗ ಆರುವಂತೆ ಮಾಡುತ್ತದೆ. ಬೆವರು ಆರುವಾಗ ಮೈಯ ಶಾಖವನ್ನು ತೆಗೆದುಕೊಂಡು ಹೋಗುತ್ತದೆ, ಅದಕ್ಕೇ ನಮಗೆ ತಂಪು ಅನ್ನಿಸುವುದು. ಸೆಕೆಂಡಿಗೆ ಒಂದು ಮೀಟರ್‌ನಷ್ಟು ವೇಗದಲ್ಲಿ ಗಾಳಿ ಮೈಗೆ ತಾಗಿದರೆ ಕೋಣೆ 2ರಿಂದ 3 ಡಿಗ್ರಿ ತಣ್ಣಗಿದ್ದ ಹಾಗೆ ಅನ್ನಿಸುತ್ತದೆ, ಗೋಡೆಗೆ ತೂಗುಹಾಕಿದ ಥರ್ಮಾಮೀಟರ್ ಮಾತ್ರ ಇದ್ದಲ್ಲೇ ಇರುತ್ತದೆ. ಅಂದರೆ ಗಾಳಿ ಬೇಕಿರುವುದು ಮೈಗೆ. ಎಲ್ಲಿ ಜನ ಕೂರುತ್ತಾರೆ, ಎಲ್ಲಿ ಮಲಗುತ್ತಾರೆ, ಅಲ್ಲಿಗೆ ಗಾಳಿ ಬರುತ್ತಿದೆಯಾ ಅನ್ನುವುದೇ ಮೊದಲ ಪ್ರಶ್ನೆ.

ಯಾರೂ ಇಲ್ಲದ ಕೋಣೆಯ ಫ್ಯಾನ್ ಆರಿಸಿ

ಇದು ಖರ್ಚೇ ಇಲ್ಲದ ಕೆಲಸ, ಆದರೂ ಹೆಚ್ಚು ಮನೆಗಳಲ್ಲಿ ಆಗದ ಕೆಲಸ. ಊಟಕ್ಕೆ ಹೋಗುವಾಗ, ಸ್ನಾನಕ್ಕೆ ಹೋಗುವಾಗ, ರೂಮು ತಣ್ಣಗಿರಲಿ ಎಂದು ಫ್ಯಾನ್ ಹಾಕಿಟ್ಟು ಹೋಗುವವರು ಬಹಳ. ಖಾಲಿ ಕೋಣೆಯಲ್ಲಿ ತಿರುಗುವ ಫ್ಯಾನ್‌ನಿಂದ ಏನೂ ತಣ್ಣಗಾಗುವುದಿಲ್ಲ. ಮೋಟಾರಿಗೆ ಹೋದ ಕರೆಂಟೆಲ್ಲ ಕೊನೆಗೆ ಶಾಖವಾಗಿ ಅದೇ ಕೋಣೆಯಲ್ಲಿ ಉಳಿಯುತ್ತದೆ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಾದರೆ ನೀವು ವಾಪಸ್ ಬರುವ ಹೊತ್ತಿಗೆ ಅದು ಒಂದು ಚೂರು ಬೆಚ್ಚಗೇ ಆಗಿರುತ್ತದೆ. ಒರೆಸಿದ ನೆಲ ಒಣಗಲಿ, ಒಳಗೆ ಹರವಿದ ಬಟ್ಟೆ ಆರಲಿ ಎಂದು ಹಾಕಿದರೆ ಅದು ಬೇರೆ ಮಾತು.

ಮನೆಯಲ್ಲಿ ಮಕ್ಕಳಿದ್ದರೆ ಸ್ವಿಚ್‌ಬೋರ್ಡ್ ಅವರ ಕೈಗೆ ಸಿಗುವ ಎತ್ತರದಲ್ಲಿದೆಯಾ ನೋಡಿ. ಕೈಗೆ ಸಿಗದ ಸ್ವಿಚ್ಚನ್ನು ಮಕ್ಕಳು ಆರಿಸುವುದಾದರೂ ಹೇಗೆ?

ಈಗಿರುವ ಫ್ಯಾನನ್ನೇ ಮೊದಲು ಸರಿ ಮಾಡಿ

ಹೊಸದು ತರುವ ಯೋಚನೆ ಆಮೇಲೆ. ಮೊದಲು ಸ್ವಿಚ್ ಆರಿಸಿ, ಜೊತೆಗೆ ಆ ಕೋಣೆಯ ಎಂಸಿಬಿಯನ್ನೂ (ಮೇನ್ ಬೋರ್ಡಿನಲ್ಲಿರುವ ಟ್ರಿಪ್ ಸ್ವಿಚ್) ಇಳಿಸಿ. ಬರೀ ಸ್ವಿಚ್ ನಂಬಬೇಡಿ. ಹಳೆ ಮನೆಗಳಲ್ಲಿ ಸ್ವಿಚ್ಚನ್ನು ನ್ಯೂಟ್ರಲ್ ವಯರಿಗೆ ಹಾಕಿರುವುದುಂಟು, ಆಗ ಸ್ವಿಚ್ ಆರಿಸಿದರೂ ಫ್ಯಾನಿನ ಮೇಲೆ ಕರೆಂಟ್ ಇರುತ್ತದೆ. ಹತ್ತಲು ಗಟ್ಟಿಯಾದ ಏಣಿ ಅಥವಾ ಅಲುಗಾಡದ ಮರದ ಮೇಜು ಇರಲಿ. ಪ್ಲಾಸ್ಟಿಕ್ ಸ್ಟೂಲ್, ಚಕ್ರದ ಕುರ್ಚಿ ಖಂಡಿತ ಬೇಡ. ಕೆಳಗೆ ಒಬ್ಬರು ಹಿಡಿದುಕೊಂಡಿರಲಿ.

ರೆಕ್ಕೆಯ ಮೇಲ್ಭಾಗ ನೋಡಿ. ಮುಂದಿನ ಅಂಚಿನಲ್ಲಿ ಧೂಳು ದಪ್ಪಗೆ ಮೆತ್ತಿಕೊಂಡಿರುತ್ತದೆ. ಈ ಅಂಚೇ ಗಾಳಿಯನ್ನು ಸೀಳಿಕೊಂಡು ಹೋಗುವ ಜಾಗ, ಅಲ್ಲಿ ಧೂಳು ಕೂತರೆ ಗಾಳಿ ಕಡಿಮೆಯಾಗುತ್ತದೆ, ಒಂದೊಂದು ರೆಕ್ಕೆಯ ತೂಕ ಒಂದೊಂದು ಥರ ಆಗಿ ಅಲುಗಾಟವೂ ಶುರುವಾಗುತ್ತದೆ. ಹಳೆಯ ದಿಂಬಿನ ಕವರನ್ನು ರೆಕ್ಕೆಗೆ ತೊಡಿಸಿ, ಎರಡೂ ಕಡೆಯಿಂದ ಒತ್ತಿ ಹಿಡಿದು ಮೆಲ್ಲಗೆ ಎಳೆದರೆ ಧೂಳೆಲ್ಲ ಕವರಿನ ಒಳಗೇ ಬೀಳುತ್ತದೆ, ಹಾಸಿಗೆಯ ಮೇಲೆ ಉದುರುವುದಿಲ್ಲ. ಆಮೇಲೆ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ. ಅಡುಗೆಮನೆಗೆ ಹತ್ತಿರದ ಫ್ಯಾನಿಗೆ ಎಣ್ಣೆ ಜಿಡ್ಡು ಹಿಡಿದಿದ್ದರೆ ಉಗುರುಬೆಚ್ಚಗಿನ ನೀರು ಬೇಕಾಗುತ್ತದೆ. ಮೋಟಾರಿನ ಮೇಲೆ ನೀರು ಹನಿಯದಂತೆ ನೋಡಿಕೊಳ್ಳಿ. ರೆಕ್ಕೆಗೆ ಭಾರ ಬಿಟ್ಟು ಜೋರಾಗಿ ಒತ್ತಬೇಡಿ, ಸ್ವಲ್ಪ ಬಾಗಿದರೂ ಗಾಳಿ ಬೀಸುವ ಕೋನ ಹಾಳು.

ಇನ್ನು ಕಂಡೆನ್ಸರ್. ಕೆಪಾಸಿಟರ್ ಅಂತಲೂ ಹೇಳುತ್ತಾರೆ. ಮಾಮೂಲಿ ಫ್ಯಾನ್ ನಿಧಾನವಾಗಿದೆ ಅನ್ನಿಸಿದರೆ ಮೊದಲ ಅನುಮಾನ ಇದರ ಮೇಲೇ ಹೋಗಬೇಕು. ರೆಗ್ಯುಲೇಟರ್ 5ರಲ್ಲಿದ್ದರೂ ಗಾಳಿ ಬರುವುದಿಲ್ಲ, ಸ್ವಿಚ್ ಹಾಕಿದ ಮೇಲೆ ವೇಗ ಹಿಡಿಯಲು ತುಂಬ ಹೊತ್ತು ಬೇಕು, ಅಥವಾ ಕೋಲಿನಿಂದ ಒಂದು ಸಲ ತಳ್ಳಿದರೆ ಮಾತ್ರ ತಿರುಗುತ್ತದೆ, ಇವೆಲ್ಲ ಅದರ ಲಕ್ಷಣ. ಸಂಜೆ ಹೊತ್ತು ವೋಲ್ಟೇಜ್ ಇಳಿದಾಗಲೂ ಫ್ಯಾನ್ ನಿಧಾನವಾಗುತ್ತದೆ, ಹಾಗಾಗಿ ಬೆಳಗಿನ ಜಾವ ಹಾಕಿ ನೋಡಿ. ಆಗಲೂ ನಿಧಾನವಿದ್ದರೆ ಕಂಡೆನ್ಸರ್ ಬದಲಿಸಬೇಕು. ಹೆಚ್ಚಿನ ಫ್ಯಾನ್‌ಗಳಿಗೆ 2.5 ಮೈಕ್ರೊಫ್ಯಾರಡ್‌ನದು ಇರುತ್ತದೆ, ಆದರೂ ಹಳೆಯದರ ಮೇಲೆ ಏನು ಬರೆದಿದೆಯೋ ಅದನ್ನೇ ತನ್ನಿ. ದೊಡ್ಡದು ಹಾಕಿದರೆ ಜಾಸ್ತಿ ವೇಗ ಬರುತ್ತದೆ ಎಂದು ಕೆಲವರು ಹೇಳುತ್ತಾರೆ, ಕೇಳಬೇಡಿ, ವೈಂಡಿಂಗ್, ಅಂದರೆ ಮೋಟಾರಿನೊಳಗೆ ಸುತ್ತಿರುವ ತಂತಿ, ಬಿಸಿಯಾಗಿ ಸುಟ್ಟುಹೋಗಬಹುದು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ನೂರು ರೂಪಾಯಿಯೊಳಗೆ ಸಿಗುವ ವಸ್ತು ಇದು. ಕರೆಂಟ್ ತೆಗೆದ ಮೇಲೂ ಕಂಡೆನ್ಸರ್‌ನಲ್ಲಿ ಚಾರ್ಜ್ ಉಳಿದಿರಬಹುದು, ಅದರ ಎರಡು ವಯರಿನ ತುದಿ ಬರಿಗೈಯಲ್ಲಿ ಮುಟ್ಟಬಾರದು. ಅಭ್ಯಾಸ ಇಲ್ಲದವರು ಎಲೆಕ್ಟ್ರಿಷಿಯನ್ ಕರೆಸುವುದೇ ಸರಿ.

ಫ್ಯಾನ್ ಜೋರಾಗಿ ತಿರುಗುತ್ತಿದೆ, ಆದರೆ ಕೆಳಗೆ ಗಾಳಿಯೇ ಇಲ್ಲ ಅನ್ನುವ ದೂರೂ ಉಂಟು. ವೈಂಡಿಂಗ್ ಮಾಡಿಸಿಕೊಂಡು ಬಂದ ಮೇಲೆ ಹೀಗಾದರೆ ವಯರ್ ಅದಲುಬದಲಾಗಿ ಫ್ಯಾನ್ ಉಲ್ಟಾ ತಿರುಗುತ್ತಿರಬಹುದು. ಕೆಳಗೆ ನಿಂತು ಮೇಲೆ ನೋಡಿದಾಗ ನಮ್ಮ ಕಡೆಯ ಫ್ಯಾನ್ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಬೇಕು. ಓರೆಯಾಗಿರುವ ರೆಕ್ಕೆಯ ಮೇಲಿನ ಅಂಚು ಮುಂದೆ ಹೋಗುತ್ತಿರಬೇಕು, ಕೆಳಗಿನ ಅಂಚು ಅದರ ಹಿಂದೆ ಬರಬೇಕು. ಆಗಲೇ ಗಾಳಿ ಕೆಳಕ್ಕೆ ತಳ್ಳಲ್ಪಡುವುದು. ಇತ್ತೀಚಿನ ಕೆಲವು ರಿಮೋಟ್ ಫ್ಯಾನ್‌ಗಳಲ್ಲಿ ಉಲ್ಟಾ ತಿರುಗಿಸುವ ಬಟನ್ ಇರುತ್ತದೆ, ಗೊತ್ತಿಲ್ಲದೆ ಒತ್ತಿಬಿಟ್ಟಿರುವ ಸಾಧ್ಯತೆಯೂ ಇದೆ. ಆ ಬಟನ್ ಚಳಿ ದೇಶಗಳಿಗೆ ಬೇಕಾದದ್ದು. ಅಮೆರಿಕದಲ್ಲಿರುವ ನಮ್ಮವರು ಚಳಿಗಾಲದಲ್ಲಿ ಹೀಟರ್ ಹಾಕಿದಾಗ ಫ್ಯಾನನ್ನು ಉಲ್ಟಾ, ನಿಧಾನಕ್ಕೆ ತಿರುಗಿಸಿದರೆ ಸೂರಿನ ಹತ್ತಿರ ಸೇರಿದ ಬಿಸಿ ಗಾಳಿ ಗೋಡೆಯ ಪಕ್ಕದಿಂದ ಕೆಳಗಿಳಿಯುತ್ತದೆ. ಕರ್ನಾಟಕದ ಮನೆಯಲ್ಲಿ ಅದರ ಅಗತ್ಯವೇ ಬೀಳುವುದಿಲ್ಲ.

ಅಲುಗಾಡುವ ಫ್ಯಾನನ್ನು ಹಾಗೇ ಬಿಡಬೇಡಿ. ಮೊದಲು ರೆಕ್ಕೆಯ ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿ. ಆಮೇಲೆ ಒಂದು ಕೋಲನ್ನು ನೆಟ್ಟಗೆ ಹಿಡಿದು, ಕೈಯಲ್ಲಿ ರೆಕ್ಕೆಗಳನ್ನು ಒಂದೊಂದಾಗಿ ತಿರುಗಿಸುತ್ತ ಮೂರೂ ತುದಿ ಒಂದೇ ಎತ್ತರದಲ್ಲಿ ಕೋಲಿನ ಮುಂದೆ ಹಾದುಹೋಗುತ್ತವಾ ನೋಡಿ. ಒಂದು ಕೆಳಗೆ ಇಳಿದಿದ್ದರೆ ಅದರ ಬುಡದ ಪಟ್ಟಿ ಬಾಗಿದೆ ಎಂದರ್ಥ. ಎಲ್ಲ ಸಮವಾಗಿದ್ದೂ ಅಲುಗಾಡಿದರೆ ತೂಕದ ವ್ಯತ್ಯಾಸ. ಒಂದು ನಾಣ್ಯವನ್ನು ರೆಕ್ಕೆಯ ಮೇಲ್ಭಾಗಕ್ಕೆ ಗಟ್ಟಿ ಟೇಪಿನಿಂದ ಅಂಟಿಸಿ ಹಾಕಿ ನೋಡಿ, ಕಡಿಮೆಯಾಗದಿದ್ದರೆ ಇನ್ನೊಂದು ರೆಕ್ಕೆಗೆ ಬದಲಿಸಿ. ಯಾವುದರಲ್ಲಿ ಅಲುಗಾಟ ನಿಲ್ಲುತ್ತದೋ ಅಲ್ಲೇ ಬಿಡಿ, ಟೇಪು ಮಾತ್ರ ಭದ್ರವಾಗಿರಲಿ. ಒಂದು ಫ್ಯಾನಿನ ರೆಕ್ಕೆಗಳು ತೂಕ ಹೊಂದಿಸಿಕೊಂಡು ಒಂದು ಸೆಟ್ಟಾಗಿ ಬರುತ್ತವೆ. ಅಟ್ಟದಲ್ಲಿ ಬಿದ್ದಿರುವ ಬೇರೆ ಫ್ಯಾನಿನ ರೆಕ್ಕೆ ತಂದು ಜೋಡಿಸಿದರೆ ಸರಿಹೋಗುವುದಿಲ್ಲ.

ಏಣಿ ಹತ್ತಿದ ಮೇಲೆ ದಯವಿಟ್ಟು ಇನ್ನೊಂದನ್ನು ನೋಡಿಯೇ ಇಳಿಯಿರಿ. ರಾಡಿನ ಮೇಲಿನ ತುದಿಯ ಮತ್ತು ಕೆಳಗಿನ ತುದಿಯ ಬೋಲ್ಟುಗಳಿಗೆ ಸ್ಪ್ಲಿಟ್ ಪಿನ್ ಹಾಕಿರಬೇಕು, ಅದರ ಎರಡು ಕಾಲು ಅಗಲಿಸಿ ಮಡಚಿರಬೇಕು. ವರ್ಷಗಟ್ಟಲೆ ಅದುರಿ ಅದುರಿ ಬೋಲ್ಟಿನ ನಟ್ ಸಡಿಲವಾಗುತ್ತದೆ, ಆಗ ಫ್ಯಾನನ್ನು ಹಿಡಿದಿಡುವುದು ಈ ಚಿಕ್ಕ ಪಿನ್ನೇ. ಎಲೆಕ್ಟ್ರಿಷಿಯನ್ ಅವಸರದಲ್ಲಿ ಪಿನ್ ಬದಲು ಒಂದು ತುಂಡು ವಯರ್ ಸುತ್ತಿ ಹೋಗಿರುತ್ತಾರೆ, ಕೆಲವು ಕಡೆ ಅದೂ ಇರುವುದಿಲ್ಲ. ಹುಕ್ಕಿಗೆ ಸಿಕ್ಕಿಸಿದ ಕಡೆ ಇರುವ ರಬ್ಬರ್ ಬುಷ್ ಸವೆದು ಹರಿದಿದ್ದರೆ ಅದನ್ನೂ ಬದಲಿಸಿ. ಸಮುದ್ರದ ಹತ್ತಿರದ ಊರುಗಳಲ್ಲಿ ಉಪ್ಪುಗಾಳಿಗೆ ಹುಕ್ಕೇ ತುಕ್ಕು ಹಿಡಿಯುತ್ತದೆ. ಮೇಲಿನ ಕಪ್ ಇಳಿಸಿ ಒಳಗೆ ಟಾರ್ಚ್ ಬಿಟ್ಟು ನೋಡಿ. ಕೆಳಗೆ ಮಲಗುವುದು ನಮ್ಮ ಮಕ್ಕಳು, ಅಜ್ಜ ಅಜ್ಜಿ. ಈ ಒಂದು ಕೆಲಸವನ್ನು ನಾಳೆಗೆ ಇಟ್ಟುಕೊಳ್ಳಬೇಡಿ.

ಎತ್ತರ, ಅಳತೆ, ಜಾಗ

ರೆಕ್ಕೆ ನೆಲದಿಂದ ಕನಿಷ್ಠ 7 ಅಡಿ ಮೇಲಿರಲೇಬೇಕು, 8ರಿಂದ 9 ಅಡಿಯಲ್ಲಿದ್ದರೆ ಗಾಳಿಯೂ ಚೆನ್ನಾಗಿ ತಾಗುತ್ತದೆ. ಸೂರಿಗೂ ರೆಕ್ಕೆಗೂ ನಡುವೆ ಒಂದು ಅಡಿ ಜಾಗ ಬೇಕು, ಏಕೆಂದರೆ ಫ್ಯಾನ್ ಗಾಳಿಯನ್ನು ಮೇಲಿನಿಂದ ಎಳೆದುಕೊಂಡೇ ಕೆಳಗೆ ತಳ್ಳುವುದು. ಸೂರಿಗೆ ಅಂಟಿದ ಹಾಗೆ ಕೂರಿಸಿದರೆ ಎಳೆದುಕೊಳ್ಳಲು ಗಾಳಿಯೇ ಸಿಗುವುದಿಲ್ಲ. 10 ಅಡಿ ಎತ್ತರದ ಆರ್‌ಸಿಸಿ ಮನೆಗೆ ಫ್ಯಾನ್ ಜೊತೆ ಬರುವ ಒಂದು ಅಡಿಯ ರಾಡ್ ಸಾಕು. ಕರಾವಳಿ ಮಲೆನಾಡಿನ ಹಂಚಿನ ಮನೆಯಲ್ಲಿ ಸೂರು ಬಹಳ ಮೇಲಿರುತ್ತದೆ, ಅಲ್ಲಿ ತೊಲೆಯಿಂದ ಉದ್ದ ರಾಡ್ ಇಳಿಸಿ ಫ್ಯಾನನ್ನು ಆ 8, 9 ಅಡಿಗೆ ತರಬೇಕು. ಬೇರೆ ಬೇರೆ ಉದ್ದದ ರಾಡುಗಳು ಅಂಗಡಿಯಲ್ಲಿ ಸಿಗುತ್ತವೆ. ಎರಡಂತಸ್ತಿನ ಮಂಚ ಇರುವ ಮಕ್ಕಳ ಕೋಣೆಯಲ್ಲಿ ಸೀಲಿಂಗ್ ಫ್ಯಾನೇ ಬೇಡ, ಗೋಡೆ ಫ್ಯಾನ್ ಹಾಕಿ.

ತಗಡಿನ ಶೀಟ್, ಸಿಮೆಂಟ್ ಶೀಟ್ ಮನೆಗಳ ವಿಷಯ ಬೇರೆಯೇ. ಮಧ್ಯಾಹ್ನ ಶೀಟ್ ಕೆಂಡದಂತೆ ಕಾದಿರುತ್ತದೆ, ಅದರ ಕೆಳಗೇ ಸೀಲಿಂಗ್ ಫ್ಯಾನ್ ಹಾಕಿದರೆ ಅಲ್ಲಿರುವ ಬಿಸಿ ಗಾಳಿಯನ್ನೇ ತಲೆಗೆ ಸುರಿಯುತ್ತದೆ. ಅಂಥ ಮನೆಯಲ್ಲಿ ಕಿಟಕಿಯ ಹತ್ತಿರ ಗೋಡೆ ಫ್ಯಾನೋ ಸ್ಟ್ಯಾಂಡ್ ಫ್ಯಾನೋ ಇಟ್ಟು ಹೊರಗಿನ ಗಾಳಿಯನ್ನು ಒಳಗೆಳೆಯುವುದು ಒಳ್ಳೆಯದು.

ಅಳತೆಗೆ ಬಂದರೆ, 10 ಅಡಿಗೆ 10 ಅಡಿ, 10 ಅಡಿಗೆ 12 ಅಡಿಯ ಕೋಣೆಗೆ 1200 ಮಿಲಿಮೀಟರ್, ಅಂದರೆ 48 ಇಂಚಿನ ಫ್ಯಾನ್ ಸರಿ. 8 ಅಡಿಗೆ 8 ಅಡಿಯ ಚಿಕ್ಕ ಕೋಣೆಗೆ 900 ಮಿಲಿಮೀಟರ್ ಸಾಕು. ಉದ್ದನೆಯ ಹಾಲ್‌ಗೆ ದೊಡ್ಡದೊಂದು ಫ್ಯಾನ್ ಹಾಕುವುದಕ್ಕಿಂತ ಎರಡು ಫ್ಯಾನ್, ಎರಡಕ್ಕೂ ಬೇರೆ ಸ್ವಿಚ್, ಹೀಗಿರಲಿ. ಟಿವಿ ಕಡೆ ಮಾತ್ರ ಜನ ಕೂತಿದ್ದರೆ ಒಂದನ್ನೇ ಹಾಕಿಕೊಳ್ಳಬಹುದು, ಅಲ್ವಾ?

ಜಾಗದ ವಿಷಯಕ್ಕೆ ಮನೆ ಕಟ್ಟುತ್ತಿರುವವರು ಸ್ವಲ್ಪ ಗಮನ ಕೊಡಬೇಕು. ಮೋಲ್ಡ್ ಹಾಕುವ ಮುಂಚೆಯೇ ಫ್ಯಾನ್ ಹುಕ್ಕಿನ ಜಾಗ ನಿಗದಿಯಾಗಿಬಿಡುತ್ತದೆ, ಎಲೆಕ್ಟ್ರಿಷಿಯನ್ ಟೇಪ್ ಹಿಡಿದು ಕೋಣೆಯ ನಟ್ಟನಡುವೆ ಗುರುತು ಹಾಕಿ ಹೋಗುತ್ತಾರೆ. ಆದರೆ ಮಲಗುವ ಕೋಣೆಯಲ್ಲಿ ಒಂದು ಗೋಡೆಗೆ ವಾರ್ಡ್‌ರೋಬ್ ಬರುತ್ತದೆ, ಮಂಚ ಎದುರಿನ ಗೋಡೆಗೆ ಸರಿಯುತ್ತದೆ. ಆಗ ಫ್ಯಾನ್ ಮಂಚದ ಕಾಲ ಬುಡಕ್ಕೆ, ಓಡಾಡುವ ಜಾಗಕ್ಕೆ ಗಾಳಿ ಬೀಸುತ್ತ ಕೂರುತ್ತದೆ. ಫ್ಯಾನಿನ ನೇರ ಕೆಳಗೆ ಮತ್ತು ಅದರ ಸುತ್ತ ಎರಡು ಮೂರು ಅಡಿಯಲ್ಲಿ ಗಾಳಿ ಜೋರಾಗಿರುತ್ತದೆ, ಗೋಡೆ ಹತ್ತಿರ ತೀರಾ ಕಡಿಮೆ. ಹಾಗಾಗಿ ಮಂಚ ಎಲ್ಲಿ ಬರುತ್ತದೆ ಎಂದು ಮೊದಲೇ ಗೆರೆ ಹಾಕಿಕೊಂಡು, ಮಲಗಿದವರ ಎದೆಯ ಭಾಗಕ್ಕೆ ಹುಕ್ ಬರುವ ಹಾಗೆ ಹೇಳಿ ಹಾಕಿಸಿ. ರೆಕ್ಕೆಯ ತುದಿಯಿಂದ ಗೋಡೆಗೆ, ಅಲಮಾರಿಗೆ ಒಂದೂವರೆ ಅಡಿ ಬಿಟ್ಟಿರಲಿ. ಮನೆ ಕಟ್ಟಿ ಮುಗಿದಿದ್ದರೆ ಇರುವ ಉಪಾಯ ಒಂದೇ: ಮಂಚವನ್ನು ಫ್ಯಾನಿನ ಕಡೆಗೆ ಸರಿಸಿ.

ಸೂರಿನ ಕೆಳಗೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಅಲಂಕಾರ ಮಾಡಿಸುವವರಿಗೆ ಎರಡು ಮಾತು. ಫ್ಯಾನಿನ ಭಾರ ಮೇಲಿನ ಸ್ಲ್ಯಾಬ್‌ನ ಹುಕ್ಕಿಗೇ ಬೀಳಬೇಕು, ಪಿಒಪಿಗೆ ಅಲ್ಲ. ಸಣ್ಣ ಸೀಲಿಂಗ್ ದೀಪಗಳನ್ನು ರೆಕ್ಕೆ ತಿರುಗುವ ವೃತ್ತದ ಹೊರಗೆ ಹಾಕಿಸಿ, ಇಲ್ಲದಿದ್ದರೆ ಬೆಳಕು ಸದಾ ಮಿಣುಕುತ್ತ ಓದುವವರಿಗೆ ತಲೆನೋವು ತರುತ್ತದೆ.

ರೆಗ್ಯುಲೇಟರ್ ಯಾವುದು?

ಸ್ವಿಚ್‌ಬೋರ್ಡಿನಲ್ಲಿ ಅಂಗೈಯಷ್ಟು ದೊಡ್ಡ ಡಬ್ಬಿಯಂಥ ಹಳೆ ರೆಗ್ಯುಲೇಟರ್ ಇದ್ದರೆ ಅದನ್ನು ಇವತ್ತೇ ಬದಲಿಸಿ. ಅದು ವೇಗ ಕಡಿಮೆ ಮಾಡಿದಾಗ ಉಳಿದ ಕರೆಂಟನ್ನು ತಾನೇ ಬಿಸಿಯಾಗಿ ಸುಡುತ್ತದೆ, ಮುಟ್ಟಿದರೆ ಗೊತ್ತಾಗುತ್ತದೆ. ಫ್ಯಾನ್ ನಿಧಾನವಾದರೂ ಬಿಲ್ಲಿನಲ್ಲಿ ಹೇಳಿಕೊಳ್ಳುವಂಥ ಉಳಿತಾಯ ಕಾಣುವುದಿಲ್ಲ. ಈಗಿನ ಸ್ಟೆಪ್ ರೆಗ್ಯುಲೇಟರ್‌ಗಳಲ್ಲಿ ಕೆಪಾಸಿಟರ್ ಇರುತ್ತದೆ, ಅವು ಬಿಸಿಯಾಗುವುದಿಲ್ಲ, ವೇಗ ಇಳಿಸಿದರೆ ಕರೆಂಟೂ ನಿಜವಾಗಿ ಇಳಿಯುತ್ತದೆ. ನುಣುಪಾಗಿ ತಿರುಗುವ, ನಂಬರ್ ಇಲ್ಲದ ಥರದ್ದು ಅಗ್ಗ, ಆದರೆ ಕಡಿಮೆ ವೇಗದಲ್ಲಿ ಫ್ಯಾನ್ ಗುಂಯ್ ಎಂದು ಸದ್ದು ಮಾಡುತ್ತದೆ. ಟಕ್ ಟಕ್ ಎಂದು ನಂಬರಿಗೆ ನಿಲ್ಲುವುದನ್ನೇ ಕೇಳಿ ತನ್ನಿ.

ರಾತ್ರಿ ಬೆಳಗಿನ ಜಾವ ಮೂರು ನಾಲ್ಕರ ಹೊತ್ತಿಗೆ ಹೊರಗೂ ತಣ್ಣಗಾಗಿರುತ್ತದೆ, ಮೈಯ ಶಾಖವೂ ಇಳಿದಿರುತ್ತದೆ. 5ರಲ್ಲಿ ಮಲಗಿದವರು ಆ ಹೊತ್ತಿಗೆ ಹೊದಿಕೆ ಎಳೆದುಕೊಳ್ಳುತ್ತಾರೆ. ಸೆಕೆ ತಡೆಯುವಂತಿದ್ದರೆ ಮಲಗುವಾಗಲೇ 3ಕ್ಕೆ ಇಟ್ಟು ನೋಡಿ. ಸೊಳ್ಳೆಗಳು ಜೋರು ಗಾಳಿಯಲ್ಲಿ ಹಾರಲಾರವು, ಅದು ಫ್ಯಾನಿನ ಇನ್ನೊಂದು ಉಪಯೋಗ. ಸೊಳ್ಳೆಪರದೆ ಕಟ್ಟುವವರಿಗೆ ಪರದೆಯೊಳಗೆ ಗಾಳಿ ಕಡಿಮೆ ಬರುತ್ತದೆ, ಅವರು ಒಂದು ನಂಬರ್ ಜಾಸ್ತಿ ಇಟ್ಟುಕೊಳ್ಳಬೇಕಾಗುತ್ತದೆ. ಪರದೆ ಮಾತ್ರ ಬಿಡಬೇಡಿ.

ಕೋಣೆಯನ್ನು ತಂಪಾಗಿಸುವುದು ಕಿಟಕಿಯ ಕೆಲಸ

ಫ್ಯಾನ್ ಕೋಣೆಯನ್ನು ತಣ್ಣಗೆ ಮಾಡದಿದ್ದರೆ ಯಾರು ಮಾಡಬೇಕು? ಹೊರಗಿನ ತಣ್ಣನೆ ಗಾಳಿ. ಬೆಳಿಗ್ಗೆ ಒಂಬತ್ತು ಹತ್ತರ ಮೇಲೆ ಹೊರಗಿನ ಗಾಳಿ ಒಳಗಿನದಕ್ಕಿಂತ ಬಿಸಿ ಅನ್ನಿಸಿದ ಕೂಡಲೇ ಬಿಸಿಲು ಬೀಳುವ ಕಡೆಯ ಕಿಟಕಿ ಮುಚ್ಚಿ, ಪರದೆ ಎಳೆಯಿರಿ. ಸಂಜೆ ಹೊರಗೆ ತಣ್ಣಗಾದ ಮೇಲೆ ಎದುರುಬದುರಿನ ಕಿಟಕಿ ಎರಡನ್ನೂ ತೆರೆದು, ಆಗ ಫ್ಯಾನ್ ಹಾಕಿ. ಬೆಂಗಳೂರು, ಮೈಸೂರು, ಹಾಸನದಂಥ ಊರುಗಳಲ್ಲಿ ಬೇಸಿಗೆಯಲ್ಲೂ ರಾತ್ರಿ ಚೆನ್ನಾಗಿ ತಣ್ಣಗಾಗುತ್ತದೆ, ಅದನ್ನು ಒಳಗೆ ಬಿಟ್ಟುಕೊಳ್ಳದೆ ಎಲ್ಲ ಮುಚ್ಚಿ ಫ್ಯಾನ್ ತಿರುಗಿಸುವುದು ದೊಡ್ಡ ನಷ್ಟ. ಕಳ್ಳರ ಭಯವಿದ್ದರೆ ಗ್ರಿಲ್ ಇರುವ ಮೇಲಿನ ಕಿಟಕಿಯನ್ನಾದರೂ ತೆರೆಯಿರಿ. ಹಳೆ ಮನೆಗಳಲ್ಲಿ ಬೆಳಕಿಂಡಿ ಇರುತ್ತದಲ್ಲ, ಅದನ್ನು ಗಾಜು ಹಾಕಿ ಪೂರ್ತಿ ಮುಚ್ಚಬೇಡಿ, ಬಿಸಿ ಗಾಳಿ ಮೇಲಕ್ಕೆ ಹೋಗುವ ದಾರಿ ಅದು.

ಮೇಲಿನ ಮಹಡಿಯಲ್ಲಿ ಇರುವವರ ಕಷ್ಟ ಬೇರೆ. ಇಡೀ ದಿನ ಕಾದ ಸ್ಲ್ಯಾಬ್ ಸಂಜೆಯಿಂದ ಮಧ್ಯರಾತ್ರಿವರೆಗೂ ಶಾಖ ಇಳಿಸುತ್ತಲೇ ಇರುತ್ತದೆ, ಫ್ಯಾನ್ ಬಿಸಿ ಗಾಳಿ ಕೊಡುತ್ತಿದೆ ಎಂದು ನಾವು ಬೈಯುವುದು ಅದಕ್ಕೇ. ಅಲ್ಲಿ ಫ್ಯಾನ್ ಬದಲಿಸಿ ಪ್ರಯೋಜನವಿಲ್ಲ. ಬೇಸಿಗೆಗೆ ಮುಂಚೆ ತಾರಸಿಗೆ ಬಿಳಿ ಸುಣ್ಣ ಬಳಿಸಿ, ಅಥವಾ ಅದಕ್ಕೆಂದೇ ಬರುವ ಬಿಳಿ ಬಣ್ಣ ಹೊಡೆಸಿ. ಬಿಳಿ ಮೇಲ್ಮೈ ಬಿಸಿಲನ್ನು ವಾಪಸ್ ಎಸೆಯುತ್ತದೆ, ಸ್ಲ್ಯಾಬ್ ಅಷ್ಟು ಕಾಯುವುದಿಲ್ಲ. ಸುಣ್ಣ ಒಂದು ಮಳೆಗಾಲಕ್ಕೆ ತೊಳೆದುಹೋಗುತ್ತದೆ, ಪ್ರತಿ ವರ್ಷ ಬಳಿಯಬೇಕು, ಆದರೆ ಖರ್ಚು ತುಂಬ ಕಡಿಮೆ.

ಊರಿನ ಹವೆ ನೋಡಿಕೊಂಡು ಇನ್ನೊಂದು ಉಪಾಯವಿದೆ. ಕಲಬುರಗಿ, ವಿಜಯಪುರ, ಬಳ್ಳಾರಿ ಕಡೆಯ ಒಣ ಬಿಸಿಲಿನಲ್ಲಿ ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ ಫ್ಯಾನ್ ಹಾಕಿದರೆ ನಿಜವಾಗಿ ತಂಪಾಗುತ್ತದೆ, ಕೂಲರ್ ಕೆಲಸ ಮಾಡುವುದೂ ಇದೇ ತತ್ವದಲ್ಲಿ. ಮಂಗಳೂರು, ಉಡುಪಿಯಲ್ಲಿ ಇದನ್ನು ಮಾಡಬೇಡಿ. ಗಾಳಿಯಲ್ಲಿ ಮೊದಲೇ ತೇವ ತುಂಬಿದೆ, ಇನ್ನಷ್ಟು ತೇವ ಸೇರಿದರೆ ಬೆವರು ಆರುವುದೇ ನಿಂತು ಸೆಕೆ ಹೆಚ್ಚಾಗುತ್ತದೆ.

ಬಿಸಿಲ ನಾಡಿನವರಿಗೆ ಮುಖ್ಯವಾದ ಎಚ್ಚರಿಕೆ ಒಂದಿದೆ. ಕೋಣೆಯೊಳಗಿನ ಉಷ್ಣಾಂಶವೇ 40 ದಾಟಿದರೆ ಫ್ಯಾನ್ ಮೈಯನ್ನು ತಂಪು ಮಾಡುವ ಬದಲು ಬಿಸಿ ಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಾಳಿ ಮೈಗಿಂತ ಬಿಸಿಯಾಗಿದ್ದಾಗ ಅದು ಶಾಖವನ್ನು ಮೈಗೇ ತಂದು ಹಾಕುತ್ತದೆ. ವಯಸ್ಸಾದವರಿಗೆ ಬೆವರುವುದೇ ಕಡಿಮೆ, ಅವರಿಗೆ ಅಪಾಯ ಜಾಸ್ತಿ. ಅಂಥ ಮಧ್ಯಾಹ್ನಗಳಲ್ಲಿ ಫ್ಯಾನ್ ಒಂದನ್ನೇ ನಂಬಿ ಅವರನ್ನು ಮಲಗಿಸಬೇಡಿ. ಕೆಳಗಿನ ಮಹಡಿಯ ತಣ್ಣನೆ ಕೋಣೆಗೆ ಕರೆತನ್ನಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ನೀರು ಮಜ್ಜಿಗೆ ಕೊಡುತ್ತಿರಿ.

ಎಸಿ ಇದ್ದರೂ ಫ್ಯಾನ್ ಬೇಕು

ಎಸಿ ಹಾಕಿದಾಗ ಫ್ಯಾನ್ ಆರಿಸಬೇಕು ಎನ್ನುವುದು ಹಲವರ ನಂಬಿಕೆ. ಉಲ್ಟಾ ಮಾಡಿ. 2020ರ ಜನವರಿಯಿಂದ ದೇಶದಲ್ಲಿ ಮಾರುವ ಮನೆ ಎಸಿಗಳು ತಾವಾಗಿ 24 ಡಿಗ್ರಿಗೆ ಶುರುವಾಗಬೇಕೆಂದು ಇಂಧನ ದಕ್ಷತಾ ಬ್ಯೂರೋ ನಿಯಮ ಮಾಡಿದೆ. ಒಂದೊಂದು ಡಿಗ್ರಿ ಮೇಲಕ್ಕೆ ಇಟ್ಟರೆ ಸುಮಾರು ಶೇ 6ರಷ್ಟು ಕರೆಂಟ್ ಉಳಿಯುತ್ತದೆ ಎನ್ನುವುದೂ ಅವರದೇ ಲೆಕ್ಕ. ಎಸಿಯನ್ನು 26 ಅಥವಾ 27ಕ್ಕೆ ಇಟ್ಟು ಫ್ಯಾನನ್ನು 2ರಲ್ಲಿ ಬಿಟ್ಟರೆ ಮೈಗೆ 24ರಷ್ಟೇ ಹಿತ ಅನ್ನಿಸುತ್ತದೆ. ಎಸಿ ತಣ್ಣಗಾಗಿಸಿದ ಗಾಳಿ ಒಂದೇ ಮೂಲೆಯಲ್ಲಿ ಉಳಿಯದೆ ಕೋಣೆ ತುಂಬ ಹರಡುತ್ತದೆ. ಎರಡು ಗಂಟೆ ಎಸಿ ಓಡಿಸಿ, ಟೈಮರ್ ಇಟ್ಟು ಆರಿಸಿ, ಆಮೇಲೆ ಫ್ಯಾನಿನಲ್ಲೇ ಮಲಗುವವರೂ ಇದ್ದಾರೆ. ಅದು ಇನ್ನೂ ಒಳ್ಳೆಯದು.

ಹೊಸ ಫ್ಯಾನ್ ಯಾವಾಗ, ಯಾವುದು

ಈಗ ದುಡ್ಡಿನ ಲೆಕ್ಕ. ಮಾಮೂಲಿ 1200 ಮಿಲಿಮೀಟರ್ ಫ್ಯಾನ್ ಪೂರ್ತಿ ವೇಗದಲ್ಲಿ ಸುಮಾರು 75 ವ್ಯಾಟ್ ತಿನ್ನುತ್ತದೆ. ಬಿಎಲ್‌ಡಿಸಿ ಫ್ಯಾನ್, ಅಂದರೆ ಎಲೆಕ್ಟ್ರಾನಿಕ್ ಬೋರ್ಡಿನಿಂದ ನಡೆಯುವ ಹೊಸ ಥರದ ಬ್ರಶ್‌ಲೆಸ್ ಮೋಟಾರಿನ ಫ್ಯಾನ್, ಅಷ್ಟೇ ಗಾಳಿಗೆ ಸುಮಾರು 30 ವ್ಯಾಟ್. ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ ಹಳೆಯದಕ್ಕೆ 27 ಯೂನಿಟ್, ಹೊಸದಕ್ಕೆ 11 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದರೆ ಒಂದು ಫ್ಯಾನಿಗೆ ತಿಂಗಳಿಗೆ ನೂರು ರೂಪಾಯಿ ಹತ್ತಿರ ಉಳಿತಾಯ. ಬಿಎಲ್‌ಡಿಸಿಗೆ ಸಾವಿರ, ಸಾವಿರದೈನೂರು ರೂಪಾಯಿ ಹೆಚ್ಚು ಕೊಟ್ಟರೂ ಒಂದು ವರ್ಷ, ಒಂದೂಕಾಲು ವರ್ಷದಲ್ಲಿ ವಾಪಸ್ ಬರುತ್ತದೆ. ಅದೇ ಫ್ಯಾನ್ ದಿನಕ್ಕೆ 4 ಗಂಟೆ ಮಾತ್ರ ಓಡುವುದಾದರೆ ಎರಡೂವರೆಯಿಂದ ನಾಲ್ಕು ವರ್ಷ ಬೇಕು. ಆದ್ದರಿಂದ ಮನೆಯ ಎಲ್ಲ ಫ್ಯಾನ್‌ಗಳನ್ನೂ ಒಟ್ಟಿಗೆ ಬದಲಿಸಬೇಡಿ. ಮಲಗುವ ಕೋಣೆಯದು, ಹಾಲ್‌ನದು, ಮನೆಯಿಂದ ಕೆಲಸ ಮಾಡುವವರಿದ್ದರೆ ಅವರ ಕೋಣೆಯದು, ಇಷ್ಟನ್ನು ಮೊದಲು ಬದಲಿಸಿ.

ಗೃಹಜ್ಯೋತಿ ಇರುವವರಿಗೆ ಕರೆಂಟ್ ಫ್ರೀ ಅಲ್ವಾ, ಉಳಿಸಿ ಏನು ಪ್ರಯೋಜನ ಎಂದು ಕೇಳಬಹುದು. ಆ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 200ರ ಒಳಗಿದ್ದರೂ, 2022-23ರ ನಿಮ್ಮ ಸರಾಸರಿ ಬಳಕೆಯ ಮೇಲೆ ನಿಗದಿಯಾದ ಮಿತಿ ದಾಟಿದರೆ ಹೆಚ್ಚಿನ ಯೂನಿಟ್‌ಗೆ ದುಡ್ಡು ಕೊಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಮಿತಿ ದಾಟಿಸುವುದರಲ್ಲಿ ಫ್ಯಾನ್‌ಗಳ ಪಾಲು ದೊಡ್ಡದು. ಮೂರು ಫ್ಯಾನ್ ಬದಲಿಸಿದರೆ ಮೇಲಿನ ಲೆಕ್ಕದ ಪ್ರಕಾರ ತಿಂಗಳಿಗೆ 48 ಯೂನಿಟ್ ಇಳಿಯುತ್ತದೆ. 230ಕ್ಕೆ ಹೋಗುತ್ತಿದ್ದ ಮನೆ 200ರ ಒಳಗೆ ಬಂದುಬಿಡುತ್ತದೆ.

ಇನ್ವರ್ಟರ್ ಇಟ್ಟುಕೊಂಡವರಿಗೆ ಇನ್ನೊಂದು ಲಾಭ. ಅದೇ ಬ್ಯಾಟರಿಯಲ್ಲಿ ಫ್ಯಾನ್‌ಗಳು ಎರಡು ಪಟ್ಟು ಹೊತ್ತು ಓಡುತ್ತವೆ. ಹಳ್ಳಿಗಳಲ್ಲಿ ಪಂಪ್‌ಸೆಟ್ ಶುರುವಾದಾಗ ವೋಲ್ಟೇಜ್ ಇಳಿದು ಮಾಮೂಲಿ ಫ್ಯಾನ್ ತೂಕಡಿಸುತ್ತದಲ್ಲ, ಬಿಎಲ್‌ಡಿಸಿ ಆಗಲೂ ಹೆಚ್ಚುಕಡಿಮೆ ಅದೇ ವೇಗದಲ್ಲಿ ತಿರುಗುತ್ತದೆ.

ಅದರ ಕುಂದುಗಳನ್ನೂ ಹೇಳಬೇಕು. ಒಳಗೆ ಎಲೆಕ್ಟ್ರಾನಿಕ್ ಬೋರ್ಡ್ ಇದೆ. ಅದು ಹೋದರೆ ಬೀದಿ ಕೊನೆಯ ವೈಂಡಿಂಗ್ ಅಂಗಡಿಯಲ್ಲಿ ರಿಪೇರಿ ಆಗುವುದು ಕಷ್ಟ, ಕಂಪನಿಯ ಸರ್ವಿಸ್ ನಿಮ್ಮ ಊರಿಗೆ ಬರುತ್ತದಾ ಎಂದು ಕೊಳ್ಳುವ ಮುಂಚೆಯೇ ಕೇಳಿ. ಮಲೆನಾಡಿನಲ್ಲಿ ಏಪ್ರಿಲ್ ಮೇ ತಿಂಗಳ ಸಿಡಿಲಿಗೆ ಈ ಬೋರ್ಡುಗಳು ಸುಟ್ಟುಹೋಗಬಹುದು, ಗುಡುಗು ಕೇಳಿದ ಕೂಡಲೇ ಎಂಸಿಬಿ ಇಳಿಸುವ ಅಭ್ಯಾಸ ಮಾಡಿಕೊಳ್ಳಿ. ಗೋಡೆಯ ಹಳೆ ರೆಗ್ಯುಲೇಟರ್ ಮೂಲಕ ಇದಕ್ಕೆ ಕರೆಂಟ್ ಕೊಡಬಾರದು, ಎಲೆಕ್ಟ್ರಿಷಿಯನ್‌ಗೆ ಹೇಳಿ ರೆಗ್ಯುಲೇಟರನ್ನು ತೆಗೆಸಿ ನೇರ ಸ್ವಿಚ್ಚಿಗೆ ಜೋಡಿಸಿಸಿ. ಮನೆಯ ಹಿರಿಯರಿಗೆ ರಿಮೋಟ್ ಒಗ್ಗದಿದ್ದರೆ ಗೋಡೆಯ ರೆಗ್ಯುಲೇಟರ್‌ನಲ್ಲೇ ನಡೆಯುವಂತೆ ಮಾಡಿದ ಬಿಎಲ್‌ಡಿಸಿ ಮಾದರಿಗಳೂ ಸಿಗುತ್ತವೆ, ಪೆಟ್ಟಿಗೆಯ ಮೇಲೆ ಓದಿ ನೋಡಿ.

ಅಂಗಡಿಯಲ್ಲಿ ಸ್ಟಾರ್ ಲೇಬಲ್ ನೋಡದೆ ಫ್ಯಾನ್ ತರಬೇಡಿ. 2023ರ ಜನವರಿ 1ರಿಂದ ಸೀಲಿಂಗ್ ಫ್ಯಾನ್‌ಗಳಿಗೆ ಇದು ಕಡ್ಡಾಯ. ಸ್ಟಾರ್ ಎಷ್ಟು ಎಂದು ನೋಡಿದ ಮೇಲೆ ಇನ್ನೂ ಎರಡು ಅಂಕಿ ಓದಿ: ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ ಕೊಡುತ್ತದೆ, ಎಷ್ಟು ವ್ಯಾಟ್ ತೆಗೆದುಕೊಳ್ಳುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದೇ ಸ್ಟಾರ್ ಕೊಡಲು ಬಳಸುವ ಅಳತೆ. 1200 ಮಿಲಿಮೀಟರ್ ಫ್ಯಾನಿನ ಗಾಳಿ 210 ಘನ ಮೀಟರ್‌ಗಿಂತ ಕಡಿಮೆ ಇರಬಾರದು, 220, 230 ಇದ್ದರೆ ಒಳ್ಳೆಯದು. ವ್ಯಾಟ್ ಕಡಿಮೆ ಎಂದು ಮೆಚ್ಚಿ ಗಾಳಿಯೇ ಬಾರದ ಫ್ಯಾನ್ ತಂದರೆ ಎರಡು ದಿನಕ್ಕೆ ಬೇಜಾರಾಗುತ್ತದೆ. ನಿಮಿಷಕ್ಕೆ ಎಷ್ಟು ಸುತ್ತು ಎನ್ನುವುದಕ್ಕೆ ಅಷ್ಟು ಮಹತ್ವ ಕೊಡಬೇಡಿ, ಗಾಳಿ ಎಷ್ಟು ಬರುತ್ತದೆ ಎನ್ನುವುದು ರೆಕ್ಕೆಯ ಅಗಲ ಮತ್ತು ಓರೆಯ ಮೇಲೂ ನಿಂತಿದೆ. ಕೆತ್ತನೆ, ಚಿನ್ನದ ಬಣ್ಣ, ನಡುವೆ ದೀಪ ಇರುವ ಅಲಂಕಾರದ ಫ್ಯಾನ್‌ಗಳಲ್ಲಿ ಈ ಅಂಕಿಗಳನ್ನು ಇನ್ನೂ ಹುಷಾರಾಗಿ ನೋಡಿ.

ಸುಟ್ಟುಹೋದ ಫ್ಯಾನಿಗೆ ವೈಂಡಿಂಗ್ ಮಾಡಿಸಬೇಕಾ ಎನ್ನುವುದಕ್ಕೆ ನನ್ನ ಉತ್ತರ: ದಿನವಿಡೀ ಓಡುವ ಫ್ಯಾನಾದರೆ ಬೇಡ. ಕೈಯಲ್ಲಿ ಸುತ್ತಿದ ವೈಂಡಿಂಗ್ ಮೊದಲಿನಷ್ಟು ಚೆನ್ನಾಗಿ ಬರದಿದ್ದರೆ ಫ್ಯಾನ್ ಜಾಸ್ತಿ ಬಿಸಿಯಾಗುತ್ತದೆ, ಜಾಸ್ತಿ ಕರೆಂಟ್ ತಿನ್ನುತ್ತದೆ. ಆ ದುಡ್ಡನ್ನು ಹೊಸದಕ್ಕೆ ಸೇರಿಸಿ. ಬದಲಿಸಿ ಇಳಿಸಿದ ಹಳೆ ಫ್ಯಾನ್ ಚೆನ್ನಾಗಿ ತಿರುಗುತ್ತಿದ್ದರೆ ನೆಂಟರು ಬಂದಾಗ ಮಾತ್ರ ತೆರೆಯುವ ಕೋಣೆಗೆ, ಪೂಜೆಯ ಕೋಣೆಗೆ ಹಾಕಿ. ಅಲ್ಲಿ ಅದು ವರ್ಷಕ್ಕೆ ಓಡುವ ಗಂಟೆಗಳೇ ಕಡಿಮೆ, 75 ವ್ಯಾಟ್ ತಿಂದರೂ ಬಿಲ್ಲಿಗೆ ಭಾರವಲ್ಲ. ತಿರುಗದೇ ಇರುವುದನ್ನು ಗುಜರಿಗೆ ಕೊಡುವಾಗ ಒಳಗೆ ತಾಮ್ರದ ತಂತಿ ಇದೆಯಾ ಅಲ್ಯೂಮಿನಿಯಂ ಇದೆಯಾ ಕೇಳಿ, ತಾಮ್ರವಾದರೆ ಕಬ್ಬಿಣದ ರೇಟಿಗೆ ಕೊಟ್ಟುಬಿಡಬೇಡಿ.